ಕೈಗಾರಿಕಾ ಶಾಂತಿದೂತರೂ ಶಿಕಾರಿಪುರದ ನೀಲವ್ವನೂ

ಕಳೆದ ಭಾನುವಾರ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಎ.ಸಿ. ಹಾಲ್‌ನಲ್ಲಿ ಕೂತು ನಾನೊಂದು ಹೊಸ ಸಂಗತಿ ಕಲಿತೆ. ನಮ್ಮ ಶಿಕಾರಿಪುರದಲ್ಲಿ ಮಹಿಳಾ ಸಬಲೀಕರಣ ಐವತ್ತರ ದಶಕದ ಕೊನೆಯಲ್ಲೇ ಶುರುವಾಗಿತ್ತಂತೆ. ಶುರು ಮಾಡಿದವನು ನಮ್ಮ ಶೇಷಗಿರಿಯಂತೆ!

ಬಾಯಿಗಿಟ್ಟ ಗೋಡಂಬಿ ಗಂಟಲಲ್ಲೇ ನಿಂತಿತು. ಪಕ್ಕದವರು ನೀರು ಕೊಟ್ಟರು. ಪಾಪ, ಅವರು ನನಗೆ ದುಃಖ ಉಮ್ಮಳಿಸಿದೆ ಅಂದುಕೊಂಡರು.

ಅದು ಶೇಷಗಿರಿಗೆ ನುಡಿನಮನದ ಸಭೆ. ಅವನು ದೊಡ್ಡದೊಂದು ಕನ್ಸಲ್ಟೆನ್ಸಿ ಕಟ್ಟಿದವನು. ಇಂಡಸ್ಟ್ರಿಯಲ್ ರಿಲೇಶನ್ಸ್ ಅಂತ ಅದಕ್ಕೆ ಹೆಸರು. ಅಂದರೆ ಫ್ಯಾಕ್ಟರಿ ಮಾಲೀಕರಿಗೂ ಕೆಲಸಗಾರರಿಗೂ ಜಗಳ ಬಂದರೆ ಮಧ್ಯೆ ಕೂತು ರಾಜಿ ಮಾಡಿಸುವುದು. (ಫೀಸು ಯಾರು ಕೊಡುತ್ತಿದ್ದರು? ಮಾಲೀಕರು. ನ್ಯಾಯ ಯಾರ ಕಡೆ ವಾಲುತ್ತಿತ್ತು? ಪ್ರಶ್ನೆ ಕೇಳಬಾರದು, ಸಭೆಯಲ್ಲಿ ಊದುಬತ್ತಿ ಉರಿಯುತ್ತಿದೆ.) ವೇದಿಕೆಯ ಮೇಲೆ ಅವನ ಆಳೆತ್ತರದ ಫೋಟೊ, ಅದರ ಕೆಳಗೆ ‘ಕೈಗಾರಿಕಾ ಶಾಂತಿದೂತ’ ಎಂಬ ಅಕ್ಷರ.

ಕೋಟು ತೊಟ್ಟ ಒಬ್ಬ ಎಳೆಯ ಮ್ಯಾನೇಜರು ಮೈಕ್ ಹಿಡಿದು ಹೇಳುತ್ತಿದ್ದರು. “ನಮ್ಮ ಫೌಂಡರ್ ತಮ್ಮ ಮೊದಲ ಕೇಸ್ ಗೆದ್ದದ್ದು ಶಿಕಾರಿಪುರದಲ್ಲಿ. ಬಸ್ ಸ್ಟ್ರೈಕ್. ಆ ಕಾಲದಲ್ಲೇ ಒಬ್ಬ ಗ್ರಾಮೀಣ ಮಹಿಳೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಆ ಬಿಕ್ಕಟ್ಟನ್ನು ಬಗೆಹರಿಸಿದರು. ಇಮ್ಯಾಜಿನ್ ದಟ್!”

ಹಾಲ್ ತುಂಬ ಚಪ್ಪಾಳೆ.

ನಾನು ಇಮ್ಯಾಜಿನ್ ಮಾಡಬೇಕಾಗಿರಲಿಲ್ಲ. ನಾನು ಅಲ್ಲೇ ಇದ್ದೆ. ಆ ಬಸ್ ಕಂಪನಿಯ ಬುಕಿಂಗ್ ಕ್ಲರ್ಕು ನಾನೇ.

ಶೇಷಗಿರಿಯೂ ನಾನೂ ಸೊರಬದವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹೈಸ್ಕೂಲು ಮುಗಿಸಿ ನಾನು ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ಬಂದು ಟಿಕೆಟ್ ಹರಿಯಲು ಕೂತೆ. ಅವನು ಮುಂಬಯಿಗೆ ಹೋದ. ಅಲ್ಲೊಂದು ಬಟ್ಟೆ ಮಿಲ್ಲಿನ ಆಫೀಸಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಅಲ್ಲಿ ಯಾರೊಂದಿಗೋ ಜಗಳವಾಡಿಕೊಂಡು ವಾಪಸು ಬಂದ. (ಸಭೆಯಲ್ಲಿ ಹಂಚಿದ ಶಾಂತಿದೂತರ ಜೀವನಚರಿತ್ರೆಯಲ್ಲಿ ಈ ಸಾಲು ಇಲ್ಲ. ನಾನು ಹುಡುಕಿ ನೋಡಿದೆ.) ಬರುವಾಗ ಎರಡು ಬುಶ್ ಶರ್ಟು, ಒಂದು ಕಪ್ಪು ಕನ್ನಡಕ, ಜೊತೆಗೆ ಆ ಇಂಗ್ಲಿಷ್ ಶಬ್ದ ತಂದಿದ್ದ. ಇಂಡಸ್ಟ್ರಿಯಲ್ ರಿಲೇಶನ್ಸ್.

ಶಿಕಾರಿಪುರದಲ್ಲಿ ಇಂಡಸ್ಟ್ರಿ ಎಲ್ಲಿತ್ತು? ಒಂದೆರಡು ಅಕ್ಕಿ ಗಿರಣಿ, ನಮ್ಮ ಸಾವ್ಕಾರ್ ಮಲ್ಲಪ್ಪನವರ ಬಸ್ ಕಂಪನಿ. ಮುಗಿಯಿತು.

ಆ ಬಸ್ಸುಗಳಿಗೆ ಮುಂದೆ ಉದ್ದ ಮೂಗು. ಕಬ್ಬಿಣದ ಹ್ಯಾಂಡಲ್ ತಿರುಗಿಸಿದರೆ ಕೆಮ್ಮಿ, ಕ್ಯಾಕರಿಸಿ ಎದ್ದೇಳುತ್ತಿದ್ದವು. ಶಿಕಾರಿಪುರದಿಂದ ಸೊರಬ, ಅಲ್ಲಿಂದ ಚಂದ್ರಗುತ್ತಿ. ಆ ದಾರಿಯ ಡ್ರೈವರ್ ಕರಿಬಸಪ್ಪ. ಮಾತು ಕಡಿಮೆ, ಮೀಸೆ ಜಾಸ್ತಿ. ಬಸ್ಸಿನಲ್ಲಿ ಬಸುರಿ ಹೆಂಗಸು ಇದ್ದಾಳೆಂದು ಕಂಡಕ್ಟರ್ ಹೇಳಿದರೆ ಎತ್ತಿನ ಗಾಡಿಯೂ ದಾಟಿ ಹೋಗುವಷ್ಟು ನಿಧಾನ ಓಡಿಸುವ ಮನುಷ್ಯ.

ಒಂದು ದಿನ ಚಂದ್ರಗುತ್ತಿಯ ಇಳಿಜಾರಿನಲ್ಲಿ ಕರಿಬಸಪ್ಪ ಬ್ರೇಕ್ ಒತ್ತಿದರು. ಬಸ್ಸು ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದರು. ಬಸ್ಸು ಇನ್ನೂ ಜೋರಾಗಿ ಹೊರಟಿತು. ಎದುರಿಗೆ ದನಗಳ ಹಿಂಡು. ಅವರು ಸ್ಟೇರಿಂಗ್ ಎಳೆದು ರಸ್ತೆ ಪಕ್ಕದ ಗದ್ದೆಯ ಹುಲ್ಲು ಬಣವೆಗೆ ಬಸ್ಸನ್ನು ನುಗ್ಗಿಸಿದರು. ಜನಕ್ಕೆ ಏನೂ ಆಗಲಿಲ್ಲ. ಎಲ್ಲರ ತಲೆಯ ಮೇಲೂ ಹುಲ್ಲು, ಅಷ್ಟೆ.

ಮರುದಿನ ಬೆಳಿಗ್ಗೆ ಅವರು ಸಾವ್ಕಾರ್ರ ಮುಂದೆ ನಿಂತು ಹೇಳಿದರು.

“ಬ್ರೇಕ್ ಮಾಡಿಸದ ಹೊರತು ನಾನು ಬಸ್ ತೆಗಿಯಲ್ರೀ.”

ಸಾವ್ಕಾರ್ರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. “ಬ್ರೇಕ್ ಇದ್ರೆ ಬಸ್ ನಿಲ್ತೈತಿ ಕರಿಬಸಪ್ಪ. ನನಗೆ ಬೇಕಾಗಿರೋದು ಓಡೋ ಬಸ್ಸು.”

“ಜನ ಸಾಯ್ತಾರ್ರೀ.”

“ನಿನ್ನೆ ಯಾರಾದ್ರೂ ಸತ್ರೇನು?”

“ಇಲ್ರೀ.”

“ಮತ್ತೆ? ಬಸ್ ತೆಗೀತೀಯೋ, ಮನೆಗೆ ಹೋಗ್ತೀಯೋ?”

ಕರಿಬಸಪ್ಪ ಮನೆಗೆ ಹೋದರು. ಆ ಮಧ್ಯಾಹ್ನದಿಂದ ಒಂದು ಬಸ್ಸೂ ಹೊರಡಲಿಲ್ಲ. ಡ್ರೈವರು, ಕಂಡಕ್ಟರು, ಕ್ಲೀನರು, ಕೊನೆಗೆ ಬುಕಿಂಗ್ ಕಿಟಕಿಯ ನಾನು, ಎಲ್ಲರೂ ಬಸ್ ಸ್ಟ್ಯಾಂಡಿನ ಆಲದ ಮರದ ಕೆಳಗೆ ಕೂತೆವು. ಸ್ಟ್ರೈಕ್ ಅನ್ನುವುದು ಹೇಗೆ ಮಾಡುತ್ತಾರೆಂದು ನಮಗ್ಯಾರಿಗೂ ತಿಳಿಯದು. ಘೋಷಣೆ ಕೂಗಬೇಕು ಅಂತ ಒಬ್ಬ ಹೇಳಿದ. ಏನಂತ ಕೂಗುವುದು? ‘ಬ್ರೇಕ್ ಬೇಕು’ ಅಂತ ಒಂದು ಸಲ ಕೂಗಿ ನಮಗೇ ನಗು ಬಂದು ಸುಮ್ಮನಾದೆವು.

ಆದರೆ ಒಂದೆರಡು ದಿನ ಕಳೆಯುವಷ್ಟರಲ್ಲಿ ನಗು ಹೋಯಿತು. ಸೊರಬದ ಕಡೆಯವರು ಶಿಕಾರಿಪುರದಲ್ಲಿ ಸಿಕ್ಕಿಬಿದ್ದರು. ಉಳವಿಯಿಂದ ಆಸ್ಪತ್ರೆಗೆಂದು ಬಂದಿದ್ದ ಒಬ್ಬ ಮುದುಕರನ್ನು ಎತ್ತಿನ ಗಾಡಿಯಲ್ಲಿ ವಾಪಸು ಕರೆದೊಯ್ದರು. ಗಾಡಿ ನಮ್ಮ ಮುಂದೆ ಹೋಗುವಾಗ ಅವರ ಮಗ ನಮ್ಮನ್ನು ಬೈಯಲೂ ಇಲ್ಲ, ಸುಮ್ಮನೆ ನೋಡಿದ. ಕರಿಬಸಪ್ಪ ತಲೆ ತಗ್ಗಿಸಿದರು.

ಆಗ ಎದ್ದು ಬಂದ ನಮ್ಮ ಶೇಷಗಿರಿ. ಬುಶ್ ಶರ್ಟು, ಕಪ್ಪು ಕನ್ನಡಕ.

ಮೊದಲು ಸಾವ್ಕಾರ್ರ ಪಡಸಾಲೆಗೆ ಹೋದ. “ನಾನು ಇಂಡಸ್ಟ್ರಿಯಲ್ ರಿಲೇಶನ್ಸ್ ನೋಡ್ತೀನಿ” ಅಂದ.

“ರಿಲೇಶನ್ ಅಂದ್ರೆ ಬೀಗರಲ್ಲೇನ್ರೀ?” ಅಂದರು ಸಾವ್ಕಾರ್ರು. “ಯಾರಿಗೆ ಹೆಣ್ಣು ನೋಡಬೇಕಾಗಿತ್ತು?”

ಅವನು ನಕ್ಕು ಬಿಡಿಸಿ ಹೇಳಿದ. ಹೇಳಿದ್ದು ಅವರಿಗೆ ಎಷ್ಟು ಅರ್ಥವಾಯಿತೋ, ಊಟಕ್ಕೆ ಎಬ್ಬಿಸಿದರು. ಅಲ್ಲಿ ಹೋಳಿಗೆ ಉಂಡು ಬಂದು ನಮ್ಮ ಜೊತೆ ಮರದ ಕೆಳಗೆ ಚಹಾ ಕುಡಿದ. ನಮ್ಮ ಹೆಗಲ ಮೇಲೆ ಕೈ ಹಾಕಿದ. “ನಿಮ್ಮದೇ ನ್ಯಾಯ” ಅಂದ. ಅಲ್ಲಿಗೆ ಹೋಗಿ “ನಿಮ್ಮದೇ ನ್ಯಾಯ” ಅಂದಿದ್ದು ನಮಗೆ ಹೇಗೆ ಗೊತ್ತಾಗಬೇಕು? ಹೀಗೆ ಅಲ್ಲಿಗೂ ಇಲ್ಲಿಗೂ ಓಡಾಡಿದ. ಒಂದು ಸಲವೂ ದನಿ ಏರಿಸಲಿಲ್ಲ. ಯಾರನ್ನೂ ಏಕವಚನದಲ್ಲಿ ಕರೆಯಲಿಲ್ಲ. (ಇದನ್ನು ಮೆಚ್ಚಲೇಬೇಕು. ಆ ಕಾಲದಲ್ಲಿ ಕ್ಲೀನರನ್ನು ‘ರೀ’ ಅಂತ ಕರೆದ ಮೊದಲ ಮನುಷ್ಯ ಶೇಷಗಿರಿ. ಕ್ಲೀನರ್ ಹೆದರಿ ಹಿಂದೆ ತಿರುಗಿ ನೋಡಿದ್ದ.)

ಕೊನೆಗೊಂದು ಬೆಳಿಗ್ಗೆ ರಾಜಿ ಆಯಿತು ಅಂತ ಸುದ್ದಿ. ಶೇಷಗಿರಿ ಬಸ್ ಸ್ಟ್ಯಾಂಡಿನ ಕಟ್ಟೆ ಹತ್ತಿದ. ನಾವೆಲ್ಲ ಸುತ್ತ ನಿಂತೆವು. ಸಾವ್ಕಾರ್ರು ಅವನ ಪಕ್ಕದಲ್ಲಿ.

“ಬಂಧುಗಳೇ, ಎಲ್ಲರೂ ಈಗಿಂದೀಗಲೇ ಕೆಲಸಕ್ಕೆ ವಾಪಸು. ಯಾರ ಮೇಲೂ ಸೇಡಿಲ್ಲ. ಬ್ರೇಕಿನ ವಿಷಯ ಮಾಲೀಕರ ಪರಿಶೀಲನೆಯಲ್ಲಿದೆ. ಇನ್ನು, ಇಷ್ಟು ವರ್ಷ ದುಡಿದ ನಮ್ಮ ಕರಿಬಸಪ್ಪನವರಿಗೆ ಕಂಪನಿಯ ವತಿಯಿಂದ ಗೌರವಪೂರ್ವಕ ವಿಶ್ರಾಂತಿ!”

ನಾವು ಚಪ್ಪಾಳೆ ತಟ್ಟಿದೆವು. ಕರಿಬಸಪ್ಪನವರೂ ತಟ್ಟಿದರು! ಗೌರವ ಅಂದಮೇಲೆ ಒಳ್ಳೆಯದೇ ಇರಬೇಕಲ್ಲವೆ? ಒಬ್ಬ ಕಂಡಕ್ಟರ್ ಅವರ ಕೈ ಕುಲುಕಿ, “ನಿಮ್ದೇ ಪುಣ್ಯ ಬಿಡಣ್ಣ” ಅಂದ. ಸಾವ್ಕಾರ್ರು ಯಾರೋ ದೂರದ ನೆಂಟರ ಪೈಕಿ ಒಬ್ಬ ಲಾರಿ ಡ್ರೈವರನನ್ನು ಆಗಲೇ ಕರೆಸಿಟ್ಟಿದ್ದರು. ಅವನು ಬಸ್ಸಿನ ಪಕ್ಕ ನಿಂತು ಬೀಡಿ ಸೇದುತ್ತಿದ್ದ. ಸೊರಬದ ಜನ ನೂಕುನುಗ್ಗಲಿನಲ್ಲಿ ಹತ್ತಿದರು. ಚಂದ್ರಗುತ್ತಿಯ ಮದುವೆಯೊಂದಕ್ಕೆ ಹೊರಟ ದಿಬ್ಬಣವೂ ಹತ್ತಿತು. ಸಾವ್ಕಾರ್ರ ಅಕ್ಕ ಶಿವಕ್ಕನೇ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು.

ಅಷ್ಟು ಹೊತ್ತಿಗೆ ನೀಲವ್ವ ಬಂದರು. ಕರಿಬಸಪ್ಪನವರ ಹೆಂಡತಿ. ಕೈಯಲ್ಲಿ ಗಂಡನಿಗೆ ತಂದ ರೊಟ್ಟಿಯ ಗಂಟು. ಕರಿಬಸಪ್ಪ ಹಿಗ್ಗಿನಿಂದ ಎದುರು ಹೋಗಿ ಸುದ್ದಿ ಹೇಳಿದರು. ಆಕೆ ಹಿಗ್ಗಲಿಲ್ಲ. ಗಂಟನ್ನು ಗಂಡನ ಕೈಗೆ ಕೊಟ್ಟು ಸೀದಾ ಕಟ್ಟೆಯ ಹತ್ತಿರ ಬಂದರು.

“ನಮ್ಮನೆಯೋರಿಗೆ ವಿಶ್ರಾಂತಿ ಕೊಟ್ಟೀರಂತಲ್ರೀ. ಎಷ್ಟು ದಿನಕ್ಕ?”

ಶೇಷಗಿರಿ ಕೈ ಮುಗಿದ. “ಅವರಿಗೆ ಎಷ್ಟು ಬೇಕೋ ಅಷ್ಟು ದಿನ ತಾಯಿ.”

“ಅವರಿಗೆ ಬ್ಯಾಡ. ನಾಳೆ ಬರ್ಲೇನು ಕೆಲ್ಸಕ್ಕ?”

“ನಾಳೆ ಅಂತಲ್ಲ...”

“ನಾಡಿದ್ದು?”

“ಹಾಗೆ ದಿನ ಹೇಳೋಕೆ ಬರಲ್ಲಮ್ಮ. ಇದು ಗೌರವಪೂರ್ವಕ...”

“ಗೌರವ ಇರ್ಲಿ ಬಿಡ್ರೀ. ಸಂಬಳ ಐತೇನು?”

ಶೇಷಗಿರಿ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. “ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ ತಾಯಿ.”

“ಅರ್ಥ ಆಗಿದ್ರ ಬಾಯಿ ಬಿಟ್ಟು ಹೇಳ್ರೀ. ಕೆಲ್ಸದಿಂದ ತೆಗದೀವಿ ಅಂತ.”

ಅವನು ಹೇಳಲಿಲ್ಲ. ಎಷ್ಟು ಕೇಳಿದರೂ ಆ ಮಾತು ಅವನ ಬಾಯಿಂದ ಬರಲಿಲ್ಲ. ನಮ್ಮ ಕಡೆ ನೋಡಿದ. ನಾವು ನಮ್ಮ ಕೈಗಳ ಕಡೆ ನೋಡಿಕೊಂಡೆವು. ಚಪ್ಪಾಳೆಯ ಬಿಸಿ ಇನ್ನೂ ಆರಿರಲಿಲ್ಲ.

ನೀಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಬಸ್ಸಿನ ಬಳಿ ಹೋಗಿ ಡ್ರೈವರನ ಬಾಗಿಲು ತೆಗೆದು, ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಸೀಟಿನಲ್ಲಿ ಕೂತುಬಿಟ್ಟರು. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದರು. ಹೊಸ ಡ್ರೈವರನ ಬೀಡಿ ಬೆರಳು ಸುಟ್ಟಿತು.

“ಏನ್ ಮಾಡ್ತೀಯವ್ವಾ!” ಅಂತ ಸಾವ್ಕಾರ್ರು ಕೂಗಿದರು.

“ಅವರಿಗೆ ವಿಶ್ರಾಂತಿ ಅಲ್ಲೇನ್ರೀ? ಅವರ ಕೆಲ್ಸ ನಾನ್ ಮಾಡ್ತೀನಿ.”

ಕರಿಬಸಪ್ಪ ಓಡಿ ಬಂದರು. ಮುಖ ಕೆಂಪಾಗಿತ್ತು. “ಇಳಿಯೇ ನೀಲಾ, ಮಂದಿ ನೋಡ್ತಾರ.”

“ನೋಡ್ಲಿ. ನೋಡ್ಲಿ ಅಂತನ ಹತ್ತೀನಿ.”

ಪ್ರಯಾಣಿಕರು ಗಲಾಟೆ ಶುರು ಮಾಡಿದರು. ಮುಹೂರ್ತ ಮೀರುತ್ತೆ, ಇಳಿಸ್ರೀ ಆಕೇನ, ಅಂತ ಹಿಂದಿನಿಂದ ಕೂಗು. ಒಬ್ಬಾತ ಎದ್ದು ನಿಂತು ಹೆಂಗಸರಿಗೆ ಬುದ್ಧಿ ಹೇಳುವ ಭಾಷಣವನ್ನೇ ಆರಂಭಿಸಿದ. ನೀಲವ್ವ ಸ್ಟೇರಿಂಗ್ ಬಿಡಲಿಲ್ಲ. ತಿರುಗಿ ಜನರ ಕಡೆ ನೋಡಿ ಹೇಳಿದರು.

“ಇಳೀತೀನ್ರೀ. ನೀವೆಲ್ಲ ಹೂಂ ಅಂದ್ರ ಇಳೀತೀನಿ. ಆದ್ರ ಒಂದ್ ಮಾತು ಕೇಳ್ರಿ. ಈ ಬಸ್ಸಿಗೆ ಬ್ರೇಕ್ ಇಲ್ಲ. ಅದನ್ನ ಹೇಳಿದ್ದಕ್ಕ ನಮ್ಮನೆಯೋರ್ನ ತೆಗದ್ರು. ಈ ಹೊಸಬರಿಗೆ ಆ ಇಳಿಜಾರು ಗೊತ್ತಿಲ್ಲ, ಹುಲ್ಲು ಬಣವಿ ಎಲ್ಲೈತಿ ಅಂತಾನೂ ಗೊತ್ತಿಲ್ಲ.”

ಭಾಷಣಕಾರ ಕೂತ. ಆಮೇಲೆ ಮುಂದಿನ ಸೀಟಿನಿಂದ ಶಿವಕ್ಕನ ದನಿ ಬಂತು.

“ಮಲ್ಲಪ್ಪಾ, ಬ್ರೇಕ್ ಇಲ್ಲೇನೋ ಇದಕ್ಕ?”

“ಪರಿಶೀಲನೇಲಿ ಐತೆ ಅಕ್ಕ,” ಅಂದರು ಸಾವ್ಕಾರ್ರು.

“ಹಂಗಂದ್ರ?”

ಸಾವ್ಕಾರ್ರು ಶೇಷಗಿರಿಯ ಕಡೆ ನೋಡಿದರು. ಶೇಷಗಿರಿ ಬಾಯಿ ತೆರೆದ. ಶಿವಕ್ಕ ಕೈ ಎತ್ತಿದರು. “ನೀ ಸುಮ್ಮನಿರಪ್ಪ. ನಾನು ನನ್ನ ತಮ್ಮನ್ನ ಕೇಳಾಕತ್ತೀನಿ. ಐತೋ ಇಲ್ಲೋ?”

“...ಇಲ್ಲ ಅಕ್ಕ.”

“ನನ್ನ ಇದರಾಗ ಕೂರ್ಸಿ ಕಳಿಸ್ತೀಯೇನೋ?”

ಶಿವಕ್ಕ ಬುಟ್ಟಿ ಹಿಡಿದು ಇಳಿದರು. ಅವರ ಹಿಂದೆ ಮದುವೆಯ ದಿಬ್ಬಣ ಇಳಿಯಿತು. ಭಾಷಣಕಾರ ಎಲ್ಲರಿಗಿಂತ ಅವಸರದಲ್ಲಿ ಇಳಿದ. ಬಸ್ಸಿನಲ್ಲಿ ನೀಲವ್ವ ಒಬ್ಬರೇ ಉಳಿದರು. ಖಾಲಿ ಬಸ್ಸನ್ನು ಇಟ್ಟುಕೊಂಡು ಸಾವ್ಕಾರ್ರು ಏನು ಮಾಡುತ್ತಾರೆ? ಕಾರ್ಮಿಕರು ಕೂತಾಗ ಬಗ್ಗದ ಮನುಷ್ಯ ಪ್ರಯಾಣಿಕರು ಇಳಿದಾಗ ಬಗ್ಗಿದರು. ಅದಕ್ಕಿಂತ ಹೆಚ್ಚಾಗಿ, ಊರ ನಡುವೆ ಅಕ್ಕನ ಕಣ್ಣು ಎದುರಿಸಲಾರದೆ ಬಗ್ಗಿದರು. ಶಿವಮೊಗ್ಗದಿಂದ ಮೆಕ್ಯಾನಿಕ್ ಕರೆಸುತ್ತೇನೆ ಅಂದರು. ಕರಿಬಸಪ್ಪನವರ ಮುಖ ನೋಡದೆಯೇ, “ಬ್ರೇಕ್ ಆದ ಮೇಲೆ ನೀನೇ ತೆಗೀ ಮಾರಾಯ” ಅಂದರು.

ನೀಲವ್ವ ಆಗ ಇಳಿದರು. ಇಳಿಯುವಾಗ ಕಾಲು ಜಾರಿತು. ಗಂಡ ಹಿಡಿದುಕೊಂಡರು. ಆಕೆ ಅಲ್ಲೇ ಅಳಲು ಶುರುಮಾಡಿದರು. ಅಷ್ಟು ಹೊತ್ತು ಎಲ್ಲಿಟ್ಟಿದ್ದರೋ ಆ ಅಳುವನ್ನು. ಕರಿಬಸಪ್ಪ ಆ ಜನರ ನಡುವೆಯೇ ರೊಟ್ಟಿ ಗಂಟು ಬಿಚ್ಚಿ, ಮೊದಲ ತುತ್ತು ಹೆಂಡತಿಗೆ ಕೊಟ್ಟರು. ಮಂದಿ ನೋಡುತ್ತಾರೆ ಅನ್ನುವ ಚಿಂತೆ ಅವರಿಗೀಗ ಇರಲಿಲ್ಲ.

ಶೇಷಗಿರಿ ಎಲ್ಲಿ? ಕಟ್ಟೆಯ ಮೇಲೆಯೇ ಇದ್ದ. ಗಂಟಲು ಸರಿಪಡಿಸಿಕೊಂಡು ಘೋಷಿಸಿದ. “ಬಂಧುಗಳೇ, ನನ್ನ ಸಂಧಾನ ಎರಡನೇ ಹಂತದಲ್ಲಿ ಪೂರ್ಣ ಯಶಸ್ವಿಯಾಗಿದೆ!”

ಮದುವೆಗೆಂದು ತಂದಿದ್ದ ಹಾರಗಳಲ್ಲಿ ಒಂದನ್ನು ಯಾರೋ ಅವನ ಕೊರಳಿಗೆ ಹಾಕಿದರು. ಆ ಹಾರದ ಜೊತೆಗೇ ಅವನು ಬೆಂಗಳೂರಿಗೆ ಹೋದ. ಮುಂದಿನದೆಲ್ಲ ಇತಿಹಾಸ. ಅಂದರೆ ಪವರ್‌ಪಾಯಿಂಟ್.

ಎಷ್ಟೋ ವರ್ಷ ಕಳೆದು, ನಾನು ಟಿಕೆಟ್ ಬಿಟ್ಟು ಪತ್ರಿಕೆ ಸೇರಿದ ಮೇಲೆ, ಶಿವಮೊಗ್ಗದ ರೈಲಿನಲ್ಲಿ ಅವನು ಸಿಕ್ಕ. ನಾನು ನೀಲವ್ವನ ಸುದ್ದಿ ಎತ್ತಿದೆ. ಮರೆತಿರುತ್ತಾನೆ ಅಂದುಕೊಂಡಿದ್ದೆ. ಮರೆತಿರಲಿಲ್ಲ.

“ಆವತ್ತು ಸೋತದ್ದು ನಾನು ಮಾರಾಯ. ಆ ಹೆಂಗಸು ನನಗೆ ಕಸುಬು ಕಲಿಸಿದಳು.”

ನನಗೆ ಖುಷಿಯಾಯಿತು. ಪರವಾಗಿಲ್ಲ, ಮನುಷ್ಯ ಕಲಿತಿದ್ದಾನೆ ಅಂದುಕೊಂಡೆ. “ಏನು ಕಲಿತೆಯೋ?” ಅಂದೆ.

“ಗಂಡಸರನ್ನ ಒಪ್ಪಿಸೋದು ಕಷ್ಟ ಅಲ್ಲ. ನಾಲ್ಕು ದೊಡ್ಡ ಶಬ್ದ ಸಾಕು, ಚಪ್ಪಾಳೆ ತಟ್ಟಿಬಿಡ್ತಾರೆ. ಮನೇಲಿ ಹೆಂಡತಿ ಕೇಳ್ತಾಳಲ್ಲ, ಎಷ್ಟು ದಿನಕ್ಕೆ ಅಂತ? ಅದನ್ನ ಮೊದಲು ನೋಡ್ಕೋಬೇಕು. ಅದಕ್ಕೆ ಈಗ ಯಾವ ಕಂಪನೀಲಿ ಆಳು ಕಡಿಮೆ ಮಾಡೋದಿದ್ರೂ ಅದಕ್ಕಿಂತ ಮುಂಚೆ ಒಂದು ಫ್ಯಾಮಿಲಿ ಡೇ ಮಾಡಿಸ್ತೀನಿ. ಹೆಂಗಸರಿಗೆ ಸ್ಟೀಲ್ ಡಬ್ಬಿ, ರಂಗೋಲಿ ಸ್ಪರ್ಧೆ, ಒಳ್ಳೆ ಊಟ. ಆಮೇಲೆ ಯಾರೂ ಬಂದು ಸೀಟಲ್ಲಿ ಕೂರೋದಿಲ್ಲ.”

ಹೇಳಿ ನಕ್ಕ. ಸಿಹಿಯಾದ ನಗು. ಚಹಾ ಅವನೇ ಕೊಡಿಸಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ ಅನ್ನುವುದೇ ಅವನ ದೊಡ್ಡ ಪ್ರತಿಭೆ. ಸಿಟ್ಟು ಬಂದದ್ದು ರೈಲಿಳಿದು ಮನೆ ತಲುಪಿದ ಮೇಲೆ.

ಇದೆಲ್ಲ ಭಾನುವಾರದ ಸಭೆಯಲ್ಲಿ ನನ್ನ ತಲೆಯಲ್ಲಿ ಓಡುತ್ತಿತ್ತು. ಅಷ್ಟರಲ್ಲಿ ಮೈಕಿನವರು, “ಫೌಂಡರ್ ಅವರ ಬಾಲ್ಯಮಿತ್ರರು ನಮ್ಮ ನಡುವೆ ಇದ್ದಾರೆ, ಎರಡು ಮಾತು” ಅಂದರು. ಹೋದೆ. ಈಗ ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ. ರೈಲಿನ ಮಾತನ್ನು ಮಾತ್ರ ಬಿಟ್ಟೆ. ಅವನ ಮಗಳು ಮುಂದಿನ ಸಾಲಿನಲ್ಲೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪನನ್ನು ಕಳೆದುಕೊಂಡವಳಿಗೆ ಎಷ್ಟು ಅಂತ ಹೇಳುವುದು?

ಮುಗಿಸಿದಾಗ ಜೋರು ಚಪ್ಪಾಳೆ. “ವಾಟ್ ಎ ಪಾಸಿಟಿವ್ ಸ್ಟೋರಿ!” ಅಂದರು ಎಳೆಯ ಮ್ಯಾನೇಜರು. ಎಲ್ಲಿ ಪಾಸಿಟಿವ್ ಅನ್ನಿಸಿತೋ ನನಗೆ ತಿಳಿಯಲಿಲ್ಲ. ಬಹುಶಃ ಯಾರು ಹೇಗೆ ಹೇಳಿದರೂ ಅವರ ಕಿವಿಗೆ ಹಾಗೇ ಕೇಳಿಸುತ್ತದೆ. ಟ್ರೇನಿಂಗ್.

ಊಟದ ಹೊತ್ತಿಗೆ ಶೇಷಗಿರಿಯ ಮಗಳು ಹುಡುಕಿಕೊಂಡು ಬಂದಳು. ಈಗ ಕಂಪನಿ ಅವಳದೇ. ಕಣ್ಣು ಇನ್ನೂ ಒದ್ದೆ.

“ಅಂಕಲ್, ಅಪ್ಪ ನಮಗೆ ಈ ಕಥೆ ಬೇರೆ ಥರ ಹೇಳಿದ್ರು. ಆ ಹೆಂಗಸಿನ ಹೆಸರೇ ಹೇಳಿರಲಿಲ್ಲ. ಇನ್ನೊಂದು ಸಲ ಹೇಳ್ತೀರಾ? ಅವರು ಈಗಲೂ ಇದ್ದಾರಾ?”

“ನೀಲವ್ವ,” ಅಂದೆ. ತೀರಿಕೊಂಡು ಬಹಳ ಕಾಲವಾಯಿತೆಂದೂ, ಕರಿಬಸಪ್ಪ ಕೈಲಾಗುವವರೆಗೂ ಅದೇ ದಾರಿಯಲ್ಲಿ ಬಸ್ ಓಡಿಸಿದರೆಂದೂ ಹೇಳಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಈ ಹುಡುಗಿಗೆ ವಿಷಯ ನಾಟಿದೆ ಅನ್ನಿಸಿತು. ನಿಜ ಹೇಳಬೇಕೆಂದರೆ, ನನ್ನ ಎದೆಯೂ ತುಂಬಿ ಬಂತು. ಅಂಕಣಕಾರರಿಗೂ ಒಮ್ಮೊಮ್ಮೆ ಹಾಗಾಗುತ್ತದೆ.

ಮೊನ್ನೆ ಅವಳ ಫೋನ್ ಬಂತು. ದನಿಯಲ್ಲಿ ಸಂಭ್ರಮ.

“ಅಂಕಲ್, ನಮ್ಮ ಆಫೀಸಿನ ಒಂದು ಹೊಸ ರೂಮಿಗೆ ನೀಲವ್ವ ಅವರ ಹೆಸರಿಟ್ಟಿದೀವಿ! ಬೋರ್ಡ್ ಕನ್ನಡದಲ್ಲೇ ಬರೆಸಿದೀನಿ. ನೀವೇ ಬಂದು ಓಪನ್ ಮಾಡಬೇಕು.”

“ಬಹಳ ಒಳ್ಳೆ ಕೆಲಸ ಮಾಡಿದೆ ಕಣಮ್ಮ,” ಅಂದೆ. “ಏನು ರೂಮು ಅದು? ಲೈಬ್ರರಿಯಾ?”

“ಅಲ್ಲ ಅಂಕಲ್. ಕೆಲಸದಿಂದ ತೆಗೆದವರನ್ನ ಕೂರಿಸಿ, ಸಮಾಧಾನ ಮಾಡಿ ಕಳಿಸೋ ರೂಮು.”